ಏಣಿ ಹಿಡಿದವನು ಕಂಡ ಇಂಗ್ಲೆಂಡ್

ಇಂಗ್ಲೆಂಡಿನಲ್ಲಿ ಹದಿನೆಂಟು ದಿನ ನಾನು ಸಾಹಿತಿಯಾಗಿದ್ದೆ. ಹಾಗಂತ ಅಲ್ಲಿ ಯಾರಿಗೂ ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆಲ್ಲ ಇದ್ದದ್ದನ್ನೇ ಹೇಳಿದೆ. ನಾನು ದೊಡ್ಡದು ಅನ್ನುವಂಥ ಸುಳ್ಳು ಹೇಳಿದ್ದು ಒಂದೇ ಸಲ, ಹತ್ತು ವರ್ಷದವನಿದ್ದಾಗ, ಜಾವಳಿಯ ನಮ್ಮ ತೋಟದಲ್ಲಿ. ಈ ಪ್ರವಾಸದಲ್ಲಿ ಅದೂ ನನ್ನ ಜೊತೆ ವಿಮಾನ ಹತ್ತಿದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಲಂಡನ್ ಹೇಗಿದೆ ಎಂದು ತಿಳಿಯಲು ಓದುತ್ತಿರುವವರು ಇಲ್ಲಿಗೇ ನಿಲ್ಲಿಸಬಹುದು. ಲಂಡನ್ನನ್ನು ನಾನು ನೋಡಿದ್ದು ವಿಮಾನದ ಕಿಟಕಿಯಿಂದ. ಅವತ್ತು ಮೋಡ ಇತ್ತು.

ಜಾವಳಿ

ನಮ್ಮ ಅಕ್ಕನ ಹೆಸರು ಗಿರಿಜೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವಳು ಏಳನೆಯದರಲ್ಲಿ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವುದನ್ನು ಅವಳ ಕೈಯಲ್ಲಿ ಬರೆಸುತ್ತಿದ್ದರು, ಅಷ್ಟು ಚಂದದ ಅಕ್ಷರ. ನನ್ನ ಕಾಪಿ ಪುಸ್ತಕವನ್ನು ದಿನಾ ತಿದ್ದುತ್ತಿದ್ದವಳೂ ಅವಳೇ. ಬೇಕಾದ ಕಡೆ ಒತ್ತು ಬಿಡುವುದು, ಬೇಡದ ಕಡೆ ಒತ್ತು ಕೊಡುವುದು ನನ್ನ ಹುಟ್ಟುಗುಣ.

ನಮ್ಮದು ಎರಡೆಕರೆ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಮೆಣಸು ಕೊಯ್ಯಲು ನಮ್ಮಲ್ಲಿ ಒಂಟಿ ಬಿದಿರಿನ ಏಣಿ ಇರುತ್ತದೆ. ಒಂದೇ ಗಳ, ಅದರ ಗಿಣ್ಣಿನಲ್ಲಿ ಉಳಿಸಿದ ಮೊಟಕು ಕೊಂಬೆಗಳೇ ಮೆಟ್ಟಿಲು. ಹಗುರವಾಗಿರುತ್ತದೆ, ಆದರೆ ಬುಡವನ್ನು ಒಬ್ಬರು ಹಿಡಿದುಕೊಂಡೇ ಇರಬೇಕು. ಆ ದಿನ ಅಕ್ಕ ಮೇಲೆ, ನಾನು ಬುಡದಲ್ಲಿ.

ಕುದುರೆಮುಖದಲ್ಲಿ ಗಣಿ ಶುರುವಾಗುತ್ತಿದ್ದ ಕಾಲ ಅದು. ಅಲ್ಲಿಗೆ ಹೋಗುವ ದೊಡ್ಡ ಯಂತ್ರಗಳನ್ನು ಲಾರಿಯ ಮೇಲೆ ಹೇರಿಕೊಂಡು ನಮ್ಮ ಕಡೆಯ ರಸ್ತೆಯಲ್ಲೇ ಒಯ್ಯುತ್ತಾರೆ, ಅದರಲ್ಲಿ ಒಂದರ ಚಕ್ರ ಶಾಲೆಯ ಸೂರಿಗಿಂತ ಎತ್ತರ ಇದೆ ಎಂದು ಸುದ್ದಿ. ಕ್ಲಾಸಿನಲ್ಲಿ ಅದನ್ನು ನೋಡದೆ ಉಳಿದವನು ನಾನೊಬ್ಬನೇ. ಆ ಮಧ್ಯಾಹ್ನ ರಸ್ತೆಯ ಕಡೆಯಿಂದ ಭಾರದ ಸದ್ದು ಬಂತು. ನಾನು ಏಣಿ ಬಿಟ್ಟು ಓಡಿದೆ.

ಅಕ್ಕನ ಬಲಗಾಲು ಮುರಿಯಿತು. ಅಪ್ಪ ಬಂದು ಕೇಳಿದಾಗ ನಾನು, "ಹಿಡಿದೇ ಇದ್ದೆ ಅಪ್ಪ, ಅಕ್ಕನೇ ಜಾರಿದ್ಲು" ಎಂದೆ. ನೋವಿನಲ್ಲಿದ್ದ ಅಕ್ಕನಿಗೆ ಕೆಳಗೆ ಏನಾಯಿತೆಂದು ಗೊತ್ತಿರಲಿಲ್ಲ. ಅವಳೂ ನನ್ನ ಮಾತನ್ನೇ ನಂಬಿದಳು. ಸಂಸೆಯ ಆಚೆ ಮೂಳೆ ಕೂರಿಸುವವರೊಬ್ಬರಿದ್ದರು. ಜೀಪಿನಲ್ಲಿ ಕರೆದುಕೊಂಡು ಹೋಗಿ ಸೊಪ್ಪು ಅರೆದು ಹಚ್ಚಿ, ಬಿದಿರಿನ ದಬ್ಬೆ ಕಟ್ಟಿಸಿದರು. ಮೂಳೆ ಕೂಡಿತು, ಕಾಲು ಗಿಡ್ಡವಾಯಿತು. ಶಾಲೆಗೆ ಹೋಗಲು ಹಳ್ಳದ ಮೇಲಿನ ಸಂಕ ದಾಟಬೇಕಿತ್ತು. ಸಂಕ ಎಂದರೆ ಎರಡು ಅಡಿಕೆ ಮರ ಅಡ್ಡ ಹಾಕಿದ ಕಾಲುಸೇತುವೆ. ಅಕ್ಕ ಅದನ್ನು ಮತ್ತೆ ದಾಟಲಿಲ್ಲ. ಶಾಲೆ ನಿಂತಿತು. ನಾನು ಎಂಟನೇ ಕ್ಲಾಸಿನ ತನಕ ಹೋಗಿ ಫೇಲಾದೆ. ಓದಿದ ಅಷ್ಟರಲ್ಲೇ ನನಗೆ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿತು. ಆ ಕೆಲಸಕ್ಕೆ ನಿಜವಾಗಿ ಲಾಯಕ್ಕಾದವಳು ಮನೆಯಲ್ಲಿ ಕೂತಿದ್ದಳು.

ಇದು ನಡೆದು ನಲವತ್ತಾರು ವರ್ಷ. ಈ ಸಲ ಹೇಳಿಯೇಬಿಡುತ್ತೇನೆ ಎಂದು ಪ್ರತಿ ಹಬ್ಬಕ್ಕೂ ಅವಳ ಮನೆಗೆ ಹೋಗುವುದು, ಹೋಳಿಗೆ ತಿಂದು ಬರುವುದು. ಹೀಗೇ ಆಗಿತ್ತು.

ವಿಮಾನ ನಿಲ್ದಾಣ

ಅಕ್ಕನ ಮಗಳು ಸುಮಾ ಇಂಗ್ಲೆಂಡಿನ ಒಂದು ಚಿಕ್ಕ ಪಟ್ಟಣದಲ್ಲಿ, ಮೂಳೆ ಆಸ್ಪತ್ರೆಯ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ನರ್ಸು. ಅಮ್ಮನ ಕಾಲನ್ನು ತನ್ನ ಆಸ್ಪತ್ರೆಯವರಿಗೆ ಒಮ್ಮೆ ತೋರಿಸಬೇಕೆಂದು ಎರಡು ವರ್ಷದಿಂದ ಕರೆಯುತ್ತಿದ್ದಳು. ಭಾವನಿಗೆ ವಿಮಾನ ಎಂದರೆ ಆಗದು. ಹಾಗಾಗಿ ಜೊತೆಗೆ ನಾನು ಹೊರಟೆ. ಹೊರಡುವ ಮುಂಚೆ ದೇವರ ಮುಂದೆ ನಿಂತು, ವಾಪಸ್ ಬರುವುದರೊಳಗೆ ಅಕ್ಕನಿಗೆ ನಿಜ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಹದಿನೆಂಟು ದಿನ ಒಂದೇ ಮನೆಯಲ್ಲಿ ಇರುತ್ತೇವೆ, ತಪ್ಪಿಸಿಕೊಳ್ಳಲು ಹಬ್ಬದ ಗಲಾಟೆಯೂ ಇರುವುದಿಲ್ಲ.

ಸುಮಾ ಅಲ್ಲಿಂದಲೇ ಅಮ್ಮನಿಗೆ ಗಾಲಿಕುರ್ಚಿ ಹೇಳಿಟ್ಟಿದ್ದಳು. ಸಮವಸ್ತ್ರದ ಒಬ್ಬ ಯುವಕ ಕುರ್ಚಿ ತಳ್ಳಿಕೊಂಡು ಬಂದ. ಅಕ್ಕ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ನಾನೇನು ಹೆಣವಾ?"

"ಅಮ್ಮಾ, ನಿಮ್ಮ ಹೆಸರಲ್ಲಿ ಬುಕ್ಕಾಗಿದೆ. ನಾನು ತಳ್ಳಲೇಬೇಕು."

"ತಳ್ಳು. ಬೇಡ ಅಂದವರ್ಯಾರು," ಎಂದು ಅಕ್ಕ ತನ್ನ ಹಲಸಿನ ಹಪ್ಪಳದ ಚೀಲವನ್ನು ಕುರ್ಚಿಯ ಮೇಲೆ ಕೂರಿಸಿದಳು. ಆತ ಪಾಪ, ವಿಮಾನದ ಬಾಗಿಲ ತನಕ ಹಪ್ಪಳವನ್ನು ತಳ್ಳಿಕೊಂಡು ಬಂದ. ಪಕ್ಕದಲ್ಲಿ ಅಕ್ಕ ಎತ್ತು ತಗ್ಗು ಎತ್ತು ತಗ್ಗು ಎಂದು ನಡೆದಳು. ಹಿಂದೆ ನಾನು ಅವಳ ಕಾಲನ್ನೇ ನೋಡುತ್ತ ನಡೆದೆ. ಏರು ಮೆಟ್ಟಿಲು ಬಂದ ಕಡೆಯೆಲ್ಲ ಅವಳು ನಿಂತು, "ನಾನು ಜಾರೋಳು ಮಾರಾಯ, ನೀನು ಮುಂದೆ ಹೋಗು" ಎನ್ನುತ್ತಿದ್ದಳು. ಈ ಮಾತನ್ನು ಅವಳು ತನ್ನ ಹೆಸರು ಹೇಳುವಷ್ಟು ಸಲೀಸಾಗಿ ಹೇಳುತ್ತಾಳೆ.

ಸುಮಾಳ ಮನೆ

ಬಂದ ಮರುದಿನ ಜಿನುಗು ಮಳೆ. ಸುಮಾಳ ಮನೆಯ ಹಿಂದೆ ಮೊಣಕಾಲೆತ್ತರದ ಹುಲ್ಲುಗಾವಲು. ಅಷ್ಟು ಹುಲ್ಲು, ಅಷ್ಟು ಒದ್ದೆ ಕಂಡರೆ ನಮ್ಮ ಕಡೆಯವರಿಗೆ ನೆನಪಾಗುವುದು ಒಂದೇ. ನಾನು ಊರಿಂದ ತಂದಿದ್ದ ನಸ್ಯವನ್ನು ಎರಡೂ ಕಾಲಿಗೆ ಮಂಡಿಯ ತನಕ ತಿಕ್ಕಿಕೊಂಡು ತಿರುಗಾಡಲು ಹೊರಟೆ. ಪಕ್ಕದ ಮನೆಯ ನಾಯಿ ಬಂದು ನನ್ನ ಕಾಲು ಮೂಸಿತು. ಆಮೇಲೆ ಸೀನಲು ಶುರುಮಾಡಿತು. ಕೂತು ಸೀನಿತು, ಎದ್ದು ಸೀನಿತು, ಸೀನುತ್ತಲೇ ಮನೆಗೆ ಓಡಿತು.

ನಾಯಿಯ ಹಿಂದೆ ಅದರ ಯಜಮಾನಿ ಬಂದರು. ಹೆಸರು ಡೋರೀನ್. ಎಂಬತ್ತರ ಹತ್ತಿರದ ವಯಸ್ಸು, ಒಂದು ಕಾಲಿಗೆ ಕಬ್ಬಿಣದ ಪಟ್ಟಿ, ಕೈಯಲ್ಲಿ ಕೋಲು. ಸುಮಾ ಓಡಿ ಬಂದು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದಳು.

"ಮಾವ, ಇಲ್ಲಿ ಇಂಬಳ ಇಲ್ಲ."

"ಇಷ್ಟು ಮಳೆಗೆ ಇಂಬಳ ಇಲ್ವಾ?"

"ಒಂದೂ ಇಲ್ಲ."

ನನಗೆ ಇವತ್ತಿಗೂ ಅದು ಸರಿ ಕಾಣುವುದಿಲ್ಲ. ಕಾಲಿಗೆ ಹತ್ತಿ ರಕ್ತ ಹೀರುವ ಹುಳವೇ ಇಲ್ಲದ ಮಳೆಗೆ ಮರ್ಯಾದೆ ಎಲ್ಲಿಂದ ಬರಬೇಕು.

ಸಮಾಧಾನ ಮಾಡಲು ಸುಮಾ ನನ್ನನ್ನು ಪರಿಚಯಿಸಿದಳು. ಇವರು ನನ್ನ ಮಾವ, ಕಾಫಿ ಎಸ್ಟೇಟಿನಲ್ಲಿ ರೈಟರ್ ಎಂದಳು. ನಮ್ಮ ಕಡೆ ರೈಟರ್ ಎಂದರೆ ಬೆಳಿಗ್ಗೆ ಹಾಜರಿ ಕೂಗಿ, ಹಿಂದಿನ ದಿನ ಎಷ್ಟು ಮಳೆ ಬಿತ್ತು, ಯಾರು ಕೆಲಸಕ್ಕೆ ಬಂದರು, ಯಾರು ಹುಷಾರಿಲ್ಲದೆ ಕೂಲಿಯವರ ಲೈನ್‌ಮನೆಯಲ್ಲಿ ಉಳಿದರು ಎಂದು ಬರೆದಿಡುವವನು. ಇಂಗ್ಲಿಷ್ ದೊರೆಗಳೇ ಇಟ್ಟುಹೋದ ಹೆಸರು ಅದು. ಆದರೆ ಅವರ ಊರಿನಲ್ಲಿ ಆ ಮಾತಿಗೆ ಬೇರೆಯೇ ಅರ್ಥ ಇದೆ ಎಂದು ನನಗೆ ಹೇಗೆ ಗೊತ್ತಾಗಬೇಕು. ಡೋರೀನ್ ಅವರ ಮುಖ ಅರಳಿತು. ಅವರು ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಕೇಳಿದರು, "ನೀವು ಯಾವುದರ ಬಗ್ಗೆ ಬರೆಯುತ್ತೀರಿ?"

ಎಸ್ಟೇಟಿನ ಇಂಗ್ಲಿಷ್ ನನಗೆ ಬರುತ್ತದೆ. "ರೈನ್," ಎಂದೆ. "ಲೇಬರ್. ಸಿಕ್‌ನೆಸ್."

ಅವರು ಎದೆಯ ಮೇಲೆ ಕೈ ಇಟ್ಟುಕೊಂಡರು.

"ದಿನಾ ಬರೆಯುತ್ತೀರಾ?"

"ಡೈಲಿ. ಮಾರ್ನಿಂಗ್ ಸಿಕ್ಸ್ ಥರ್ಟಿ."

"ಎಷ್ಟು ಪುಸ್ತಕ ಆಗಿದೆ?"

"ಒನ್ ಇಯರ್, ಒನ್ ಬುಕ್. ಥರ್ಟಿ ಎಯ್ಟ್ ಬುಕ್ಸ್. ಬಿಗ್," ಎಂದು ಕೈ ಅಗಲಿಸಿ ತೋರಿಸಿದೆ.

"ಜನ ಓದುತ್ತಾರಾ?"

"ಓನರ್ ಓನ್ಲಿ. ಸಮ್ ಟೈಮ್ಸ್."

ಲೇಖಕರ ಪಾಡು ಎಲ್ಲ ದೇಶದಲ್ಲೂ ಒಂದೇ ಎನ್ನುವ ಹಾಗೆ ಅವರು ನನ್ನ ಕೈ ಹಿಡಿದು ಕುಲುಕಿದರು. ಸುಮಾ ನಗು ತಡೆಯಲಾಗದೆ ಒಳಗೆ ಹೋಗಿದ್ದಳು. ರೈಟರ್ ಎಂದರೆ ಅಲ್ಲಿ ಸಾಹಿತಿ ಎಂದು ತಿಳಿದ ಮೇಲೆ, ಸರಿಪಡಿಸು ಎಂದು ನಾನೇ ಸುಮಾಳಿಗೆ ಹೇಳಿದೆ. "ಬೇಡ ಮಾವ, ಇಡೀ ಬೀದಿಗೆ ಹೇಳಿ ಆಗಿದೆ ಅವರು" ಎಂದಳು. ಅಕ್ಕ ಮಾತ್ರ ಹಪ್ಪಳ ಕರಿಯುತ್ತ, "ಒತ್ತು ಸರಿಯಾಗಿ ಹಾಕೋಕೆ ಬರದವನು ಸಾಹಿತಿ" ಎಂದಳು.

ಅಭ್ಯಾಸ ಬಿಡುವುದಿಲ್ಲ ನೋಡಿ, ನಾನು ಸುಮಾಳ ಹಿತ್ತಿಲಲ್ಲಿ ಒಂದು ಜಾಮ್ ಬಾಟಲಿ ಇಟ್ಟು ದಿನಾ ಬೆಳಿಗ್ಗೆ ಮಳೆ ಅಳೆದು ಬರೆದುಕೊಳ್ಳುತ್ತಿದ್ದೆ. ಹದಿನೆಂಟು ದಿನಕ್ಕೂ ಸೇರಿ ಒಂದು ಇಂಚು ತುಂಬಲಿಲ್ಲ. ನಮ್ಮಲ್ಲಿ ಆಗಸ್ಟಿನಲ್ಲಿ ಅಷ್ಟು ಮಳೆ ಬಂದರೆ ಯಾರೂ ಕೊಡೆ ಬಿಚ್ಚುವುದಿಲ್ಲ. ಡೋರೀನ್ ಅವರು ಬೇಲಿಯ ಆಚೆಯಿಂದ ನೋಡಿ ನಾಯಿಗೆ, ಶ್, ಬರೆಯುತ್ತಿದ್ದಾರೆ ಎಂದು ಸನ್ನೆ ಮಾಡುತ್ತಿದ್ದರು.

ಡೋರೀನ್ ಅವರ ಅಡುಗೆಮನೆ

ಚಹಾಕ್ಕೆ ಕರೆದರು. ಅಕ್ಕ, ಸುಮಾ, ನಾನು ಹೋದೆವು. ಚಹಾಕ್ಕೆ ಮೊದಲು ಹಾಲು ಹಾಕುವುದೋ ಆಮೇಲೆ ಹಾಕುವುದೋ ಎಂದು ಆ ದೇಶದಲ್ಲಿ ಮನೆ ಮನೆಗೆ ಜಗಳ ಇದೆಯಂತೆ. ಎರಡರಲ್ಲೂ ಡಿಕಾಕ್ಷನ್ ಇಲ್ಲ ಎನ್ನುವುದು ಅವರಿಗೆ ಹೊಳೆದಿಲ್ಲ.

ಅಕ್ಕನ ನಡಿಗೆ ನೋಡಿ ಡೋರೀನ್ ಅವರು ತಮ್ಮ ಕಾಲಿನ ಕತೆ ಹೇಳಿದರು. ಸುಮಾ ಕನ್ನಡ ಮಾಡಿದಳು.

ಆರನೇ ವಯಸ್ಸಿಗೆ ಅವರಿಗೆ ಪೋಲಿಯೋ ಆಯಿತು. ಯುದ್ಧ ಮುಗಿದು ಕೆಲವೇ ವರ್ಷ, ಸಕ್ಕರೆ ಇನ್ನೂ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ. ಆಸ್ಪತ್ರೆಗಳನ್ನೆಲ್ಲ ಸರ್ಕಾರ ಹೊಸದಾಗಿ ತನ್ನ ಕೈಗೆ ತೆಗೆದುಕೊಂಡಿತ್ತು. ಸುಮಾ ಈಗ ಕೆಲಸ ಮಾಡುವ ಮೂಳೆ ಆಸ್ಪತ್ರೆಯಲ್ಲೇ ಅವರು ಎರಡು ವರ್ಷ ಮಲಗಿದ್ದರು. ಕಬ್ಬಿಣದ ಚೌಕಟ್ಟಿಗೆ ಕಟ್ಟಿ ಅಂಗಾತ ಮಲಗಿಸುತ್ತಿದ್ದರು. ಹೊರಗಿನ ಗಾಳಿ ಮೂಳೆಗೆ ಒಳ್ಳೆಯದೆಂದು ವಾರ್ಡಿನ ಒಂದು ಕಡೆ ಗೋಡೆಯೇ ಇರಲಿಲ್ಲವಂತೆ. ಚಳಿಗಾಲದಲ್ಲಿ ಹೊದಿಕೆಯ ಮೇಲೆ ಹಿಮ ಬೀಳುತ್ತಿತ್ತು, ನರ್ಸು ಪೊರಕೆಯಿಂದ ಗುಡಿಸುತ್ತಿದ್ದಳು. ಗುಬ್ಬಿಗಳು ಬಂದು ತಟ್ಟೆಯಿಂದ ರೊಟ್ಟಿ ಎತ್ತಿಕೊಂಡು ಹೋಗುತ್ತಿದ್ದವು.

"ಇದನ್ನ ನಾವು ಕೊಟ್ಟಿಗೆ ಅಂತೇವೆ," ಎಂದಳು ಅಕ್ಕ. ಸುಮಾ ಇದನ್ನು ಅನುವಾದ ಮಾಡಲಿಲ್ಲ.

ಮನೆಗೆ ಬಂದ ಮೇಲೂ ಸರ್ಕಾರ ಬೆನ್ನು ಬಿಡಲಿಲ್ಲ. ಸೈಕಲ್ ಮೇಲೆ ನರ್ಸು ಬರುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಊರಿನ ಸಭಾಭವನದಲ್ಲಿ ಕಾಲು ನೋಡುವ ನರ್ಸು ಬಸ್ಸಿಳಿದು ಬಂದು, ಎಲ್ಲ ಮಕ್ಕಳನ್ನೂ ಬರಿಗಾಲಿನಲ್ಲಿ ನಡೆಸಿ ನೋಡುತ್ತಿದ್ದಳು. ಶಾಲೆಗೆ ಬೇರೆ ನರ್ಸು. ಮೀನೆಣ್ಣೆ ಒಂದು ಚಮಚ, ಅದನ್ನು ಮರೆಸಲು ಕಿತ್ತಳೆ ರಸ ಒಂದು ಚಮಚ. ಚಪ್ಪಲಿ ಅಂಗಡಿಯಲ್ಲಿ ಕೂಡ ಕಾಲಿನ ಎಕ್ಸ್‌ರೇ ನೋಡುವ ಪೆಟ್ಟಿಗೆ ಇತ್ತಂತೆ. ಮಕ್ಕಳು ಅದರೊಳಗೆ ಕಾಲಿಟ್ಟು ತಮ್ಮ ಮೂಳೆ ನೋಡಿ ಕುಣಿಯುತ್ತಿದ್ದರು. ಅದರಿಂದ ಅಪಾಯ ಎಂದು ತಿಳಿದು ಆಮೇಲೆ ತೆಗೆದರಂತೆ.

ನಮ್ಮಲ್ಲೂ ಆಗ ಮನೆ ಮನೆಗೆ ಬರುವವರಿದ್ದರು, ಮಲೇರಿಯಾದವರು. ಜ್ವರ ಇದೆಯಾ ಎಂದು ಕೇಳಿ ಗೋಡೆಯ ಮೇಲೆ ತಾರೀಕು ಬರೆದು ಹೋಗುತ್ತಿದ್ದರು. ಅಕ್ಕ ಒಳಗೆ ದಬ್ಬೆ ಕಟ್ಟಿಸಿಕೊಂಡು ಮಲಗಿದ್ದಾಗಲೂ ಬಂದಿದ್ದರು. ಜ್ವರ ಇಲ್ಲ ಎಂದ ಅಪ್ಪ. ತಾರೀಕು ಬರೆದು ಹೋದರು. ಕಾಲಿನ ಬಗ್ಗೆ ಅವರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

"ನಿಮ್ಮನ್ನು ನೋಡೋಕೆ ಮನೆಯವರು ಬರ್ತಿದ್ರಾ?" ಎಂದು ಅಕ್ಕ ಸುಮಾಳ ಕೈಯಲ್ಲಿ ಕೇಳಿಸಿದಳು.

ವಾರ ಬಿಟ್ಟು ವಾರ, ಭಾನುವಾರ ಮಧ್ಯಾಹ್ನ ಎರಡು ಗಂಟೆ ಮಾತ್ರ, ಅದೂ ದೊಡ್ಡವರಿಗೆ. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಡೋರೀನ್ ಅವರ ಅಣ್ಣನಿಗೆ ಆಗ ಹನ್ನೊಂದು. ಅವನು ಸೈಕಲ್ ತುಳಿದುಕೊಂಡು ಬಂದು ಹೊರಗೆ ಹುಲ್ಲಿನ ಮೇಲೆ ನಿಂತು ಕೋತಿಯ ಹಾಗೆ ಮುಖ ಮಾಡುತ್ತಿದ್ದ. ಅಂಗಾತ ಮಲಗಿದ್ದ ಇವರಿಗೆ ತಲೆಯ ಮೇಲೆ ಒಂದು ಕನ್ನಡಿ ಕಟ್ಟಿದ್ದರು. ಅದರಲ್ಲಿ ಅಣ್ಣ ತಲೆಕೆಳಗಾಗಿ ಕಾಣುತ್ತಿದ್ದ. "ಎರಡು ವರ್ಷ ನನ್ನ ಅಣ್ಣ ತಲೆಕೆಳಗಾಗಿಯೇ ಇದ್ದ," ಎಂದು ಅವರು ನಕ್ಕರು.

ಅಕ್ಕನೂ ನಕ್ಕಳು. ನಾನು ಕಚ್ಚಿದ ಬಿಸ್ಕತ್ತನ್ನು ತಟ್ಟೆಗೆ ವಾಪಸ್ ಇಟ್ಟೆ. ಅಕ್ಕ ಮೂರು ತಿಂಗಳು ನಮ್ಮ ಮನೆಯಲ್ಲೇ, ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಬಾಗಿಲಿಗೆ ಕಾವಲು ಇರಲಿಲ್ಲ. ನಾನು ಆ ಕೋಣೆಯೊಳಗೆ ಹೋಗದೆ ಇರಲು ಹಿತ್ತಿಲ ಕಡೆಯಿಂದ ಸುತ್ತು ಹಾಕಿ ಅಡುಗೆಮನೆಗೆ ಹೋಗುತ್ತಿದ್ದೆ. "ಮಲ್ಲೇಶನಾ?" ಎಂದು ಅವಳು ಒಳಗಿಂದ ಕೂಗುತ್ತಿದ್ದಳು. ಹೆಜ್ಜೆ ಸದ್ದು ಗೊತ್ತಾಗುತ್ತಿತ್ತು ಅವಳಿಗೆ.

ಅಲ್ಲಿಂದ ಹೊರಟು ಹುಲ್ಲುಗಾವಲಿನ ಬದಿಯಲ್ಲಿ ನಡೆದು ಬರುವಾಗ ಹೇಳಿಯೇಬಿಡಬೇಕು ಎಂದು, "ಅಕ್ಕ, ಒಂದು ವಿಷಯ" ಎಂದೆ. "ಹೇಳು," ಎಂದಳು. "ಇಲ್ಲಿ ದನ ಎಷ್ಟು ದಪ್ಪ ಅಲ್ವಾ," ಎಂದೆ.

ಮೂಳೆ ಆಸ್ಪತ್ರೆ

ಹತ್ತನೇ ದಿನ ಆಸ್ಪತ್ರೆಯಲ್ಲಿ ಹಳೆಯ ಕಾಲದ ಪ್ರದರ್ಶನ ಇತ್ತು. ಅಲ್ಲಿ ಮಲಗಿದ್ದವರು, ಕೆಲಸ ಮಾಡಿದ್ದವರು ವರ್ಷಕ್ಕೊಮ್ಮೆ ಸೇರಿ ಸಾರ್ವಜನಿಕರಿಗೆ ತೋರಿಸುತ್ತಾರೆ. ಗೋಡೆಯಿಲ್ಲದ ವಾರ್ಡನ್ನು ಹಾಗೇ ಉಳಿಸಿಕೊಂಡಿದ್ದಾರೆ. ಕಬ್ಬಿಣದ ಚೌಕಟ್ಟುಗಳು, ಚರ್ಮದ ಪಟ್ಟಿಗಳು, ಕನ್ನಡಿಗಳು. ನಾನು ಕುತೂಹಲಕ್ಕೆ ಒಂದು ಚೌಕಟ್ಟಿನ ಮೇಲೆ ಮಲಗಿ ನೋಡಿದೆ. ಏಳಲು ಬರಲಿಲ್ಲ. ಇಬ್ಬರು ಅಜ್ಜಂದಿರು ಬಂದು ಎಬ್ಬಿಸಿದರು. ಒಬ್ಬರಿಗೆ ಒಂದು ಕೈ ಸ್ವಾಧೀನ ಇರಲಿಲ್ಲ, ಆದರೂ ನನಗಿಂತ ಗಟ್ಟಿ.

ಒಂದು ಮೂಲೆಯಲ್ಲಿ ಚಪ್ಪಲಿ ಕೋಣೆ. ಕಾಲು ಹೆಚ್ಚು ಕಡಿಮೆ ಇದ್ದವರಿಗೆ ಬೂಟು ಹೊಲಿಯುತ್ತಿದ್ದ ಜಾಗ. ಅಲ್ಲಿ ಫ್ರೆಡ್ ಎಂಬ ಎಂಬತ್ತಾರರ ಅಜ್ಜ ಕೂತಿದ್ದರು. ಹದಿನೈದನೇ ವಯಸ್ಸಿಗೆ ಆ ಕೋಣೆಗೆ ಬಂದು, ನಿವೃತ್ತಿಯ ತನಕ ಬೂಟು ಬಿಟ್ಟರೆ ಬೇರೆ ಏನೂ ಮಾಡಿದವರಲ್ಲ. ಕಿವಿಗೆ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು, ಚರ್ಮದ ಮೇಲೆ ಗುರುತು ಮಾಡುವಂಥದ್ದು. ಸುಮಾ ಆಗಲೇ ಡಾಕ್ಟರಿಗೆ ಅಮ್ಮನ ಕಾಲು ತೋರಿಸಿದ್ದಳು. ಈ ವಯಸ್ಸಿಗೆ ಕೊಯ್ಯುವುದು ಬೇಡ, ಚಪ್ಪಲಿ ಎತ್ತರಿಸಿದರೆ ಸಾಕು ಎಂದಿದ್ದರು ಅವರು.

ಫ್ರೆಡ್ ಅಕ್ಕನ ಕಾಲನ್ನು ಮುಟ್ಟಿ ನೋಡಿದರು. ಯಾರು ಕೂಡಿಸಿದ್ದು, ಯಾವುದರಿಂದ ಕಟ್ಟಿದ್ದು ಎಂದು ಕೇಳಿದರು. ಬಿದಿರಿನ ದಬ್ಬೆ ಎಂದಾಗ ತಲೆದೂಗಿದರು.

"ಒಳ್ಳೆಯ ಕೈ ಅಂತೆ," ಎಂದಳು ಸುಮಾ. "ಕೂಡಿಸಿದ್ದು ಚೆನ್ನಾಗೇ ಇದೆ, ಉದ್ದ ಅಳೆದು ನೋಡಿಲ್ಲ ಅಷ್ಟೇ ಅಂತೆ."

ಆಮೇಲೆ ಅವರು ಅಕ್ಕನನ್ನು ಗೋಡೆಯ ಮುಂದೆ ನಿಲ್ಲಿಸಿ ಗಿಡ್ಡ ಕಾಲಿನ ಕೆಳಗೆ ತೆಳು ಮರದ ಹಲಗೆ ಇಟ್ಟರು. ಸೊಂಟದ ಎರಡೂ ಕಡೆ ಕೈಯಿಟ್ಟು ನೋಡಿ ಇನ್ನೊಂದು ಇಟ್ಟರು. ಮತ್ತೊಂದು. ನಾಲ್ಕನೇ ಹಲಗೆಗೆ ಅಕ್ಕನ ಸೊಂಟ ಸಮ ಆಯಿತು. ಹೆಗಲು ಸಮ ಆಯಿತು. ಅವಳು ನನ್ನ ಕಡೆ ತಿರುಗಿದಳು, ನಾನು ತಲೆ ಎತ್ತಿ ನೋಡಬೇಕಾಯಿತು.

ಅಕ್ಕ ನನಗಿಂತ ಎತ್ತರ ಇದ್ದಳು. ಅವಳೇ ಗಿಡ್ಡ ಎಂದು ನಲವತ್ತಾರು ವರ್ಷದಿಂದ ನಾನೂ ಅಂದುಕೊಂಡಿದ್ದೆ, ಅವಳೂ ಅಂದುಕೊಂಡಿದ್ದಳು.

"ಎಂತ ಮಾರಾಯ, ನಿನ್ನ ತಲೆ ನೆತ್ತಿಯಲ್ಲಿ ಬೋಳಾಗಿದೆ," ಎಂದಳು ಅಕ್ಕ. "ಇಷ್ಟು ದಿನ ಕಂಡೇ ಇರ್ಲಿಲ್ಲ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದೆ. ಹಜಾರದಲ್ಲಿ ಡೋರೀನ್ ಕಾದಿದ್ದರು. ಒಂದು ಹಲಗೆಯ ತುಂಬ ಜನ ತಮ್ಮ ತಮ್ಮ ಮುರಿದ ಮೂಳೆಯ ನೆನಪನ್ನು ಚೀಟಿಯ ಮೇಲೆ ಬರೆದು ಚುಚ್ಚಿದ್ದರು. ಸೈಕಲಿನಿಂದ ಬಿದ್ದವರು, ಕುದುರೆಯಿಂದ ಒದೆಸಿಕೊಂಡವರು, ಮದುವೆಯ ದಿನ ಮೆಟ್ಟಿಲಲ್ಲಿ ಉರುಳಿದವರು. ಭಾರತದ ಸಾಹಿತಿಯೂ ಒಂದು ಬರೆಯಲೇಬೇಕೆಂದು ನನ್ನ ಕೈಗೆ ಚೀಟಿ ಪೆನ್ನು ಕೊಟ್ಟರು. ನಿಮ್ಮ ಲಿಪಿಯಲ್ಲೇ ಬರೆಯಿರಿ, ಅದು ನೋಡಲು ಎಷ್ಟು ಚಂದ ಎಂದರು.

ನಾನು ಯೋಚನೆ ಮಾಡಿದೆ. ಈ ಕಟ್ಟಡದಲ್ಲಿ ಕನ್ನಡ ಓದುವವರು ಯಾರಿದ್ದಾರೆ. ದೇವರಿಗೆ ಕೊಟ್ಟ ಮಾತೂ ಉಳಿಯುತ್ತದೆ, ಯಾರಿಗೂ ತಿಳಿಯುವುದೂ ಇಲ್ಲ. ಇಂಥ ಬುದ್ಧಿ ನನಗೆ ಮಾತ್ರ ಹೊಳೆಯುತ್ತದೆ. ಬರೆದೆ:

"ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಅಕ್ಕ ಮೆಣಸು ಕೊಯ್ಯಲು ಏಣಿ ಹತ್ತಿದಳು. ನಾನು ಬುಡ ಹಿಡಿದ್ದಿದ್ದೆ. ದೊಡ್ಡ ಚಕ್ರದ ಲಾರಿ ಬಂತು. ಏಣಿ ಕೈ ಬಿಟ್ಟು ಹೋಯಿತು. ಅಕ್ಕ ಜಾರಿದಳು ಎಂದು ಅಪ್ಪನಿಗೆ ಹೇಳಿದೆ. ಅಕ್ಕ ಜಾರಲಿಲ್ಲ."

ಡೋರೀನ್ ಅದನ್ನು ಹಲಗೆಯ ನಟ್ಟನಡುವೆ ಚುಚ್ಚಿದರು. ಎದೆ ಹಗುರಾಯಿತು. ಕ್ಯಾಂಟೀನಿಗೆ ಹೋಗಿ ಒಂದು ಕಾಫಿ ಕುಡಿದೆ. ಮೂರು ತಲೆಮಾರಿನಿಂದ ಕಾಫಿ ಬೆಳೆಯುವವರ ಮಗ ನಾನು, ಅದರ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ.

ವಾಪಸ್ ಬಂದಾಗ ಹಲಗೆಯ ಮುಂದೆ ಅಕ್ಕ ನಿಂತಿದ್ದಳು. ಡೋರೀನ್ ಅವರೇ ಅವಳನ್ನು ಕೈ ಹಿಡಿದು ಕರೆತಂದು, ನೋಡಿ ನಿಮ್ಮ ತಮ್ಮ ಬರೆದದ್ದು ಎಂದು ತೋರಿಸಿದ್ದರು. ಆ ಇಡೀ ಕಟ್ಟಡದಲ್ಲಿ ಕನ್ನಡ ಓದಲು ಬರುತ್ತಿದ್ದ ಮೂವರಲ್ಲಿ ಒಬ್ಬಳು ಅವಳು ಎನ್ನುವುದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ನಾನೇ ಅವಳಿಗೆ ಓದು ಬರುತ್ತದೆ ಎನ್ನುವುದನ್ನು ಮರೆತಿದ್ದೆ.

ಅಕ್ಕ ನನ್ನ ಕಡೆ ನೋಡಲಿಲ್ಲ. ಚಪ್ಪಲಿ ಕೋಣೆಗೆ ಹೋಗಿ ಫ್ರೆಡ್ ಅವರ ಕಿವಿಯಿಂದ ಆ ಕೆಂಪು ಪೆನ್ಸಿಲನ್ನು ಕೇಳದೆಯೇ ತೆಗೆದುಕೊಂಡು ಬಂದಳು. "ಹಿಡಿದ್ದಿದ್ದೆ" ಎನ್ನುವಲ್ಲಿ ಮೊದಲ ಒತ್ತನ್ನು ಹೊಡೆದು ಹಾಕಿದಳು. ಮುಂದಿನ ಸಾಲಿನಲ್ಲಿ "ಕೈ ಬಿಟ್ಟು ಹೋಯಿತು" ಎನ್ನುವುದರ ಮೇಲೆ ಉದ್ದಕ್ಕೆ ಗೆರೆ ಎಳೆದು, ಮೇಲೆ ಒಂದೇ ಪದ ಬರೆದಳು. "ಬಿಟ್ಟೆ."

ಅದೇ ಅಕ್ಷರ. ಬೋರ್ಡಿನ ಮೇಲಿದ್ದದ್ದು.

ಆಮೇಲೆ ಪೆನ್ಸಿಲ್ ವಾಪಸ್ ಕೊಟ್ಟು ಕಾರಿನಲ್ಲಿ ಹೋಗಿ ಕೂತಳು. ಡೋರೀನ್ ಅವರು ಸುಮಾಳಿಗೆ ಪಿಸುಗುಟ್ಟಿದ್ದು ನನಗೂ ಅರ್ಥವಾಯಿತು. ಅಕ್ಕನೇ ಇವರ ಸಂಪಾದಕಿಯಾ ಎಂದು ಕೇಳುತ್ತಿದ್ದರು.

ಮತ್ತೆ ಸುಮಾಳ ಮನೆ

ಎರಡು ದಿನ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ಸುಮಾಳ ಮೂಲಕವೇ ಎಲ್ಲ. "ನಿನ್ನ ಮಾವನಿಗೆ ಸಾರು ಬೇಕಾ ಕೇಳು." ನಾನು ಎದುರಿಗೇ ಕೂತಿರುತ್ತಿದ್ದೆ. ಆಸ್ಪತ್ರೆಯಲ್ಲಿ ದಿನವಿಡೀ ಅನುವಾದ ಮಾಡಿದ್ದ ಸುಮಾ ಮನೆಯಲ್ಲಿ ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡಿದಳು.

ಮೂರನೇ ದಿನ ಬೆಳಿಗ್ಗೆ ಸುಮಾ ಕೆಲಸಕ್ಕೆ ಹೋಗಿದ್ದಳು. ಅಕ್ಕ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಕೇಳಲು ಬೇರೆ ಯಾರೂ ಇರಲಿಲ್ಲ. ಹೆಂಚಿನ ಕಡೆ ನೋಡುತ್ತಲೇ ಹೇಳಿದಳು.

"ನಾನು ಜಾರ್ಲಿಲ್ಲ ಅಂತಾಯ್ತು."

"ಇಲ್ಲ ಅಕ್ಕ."

"ಕಾಲು ಗಿಡ್ಡ ಆದದ್ದಕ್ಕೆ ನನಗೆ ಬೇಜಾರಿಲ್ಲ. ಮುರಿದ ಮೂಳೆ ಯಾರ ಮನೆಯಲ್ಲಿ ಇಲ್ಲ. ನಾನು ಜಾರೋಳು ಅಂತ ನಂಬಿದ್ದೆನಲ್ಲ, ಅದು. ಸಂಕ ದಾಟ್ಲಿಲ್ಲ. ಕಲ್ಲು ಕಂಡ್ರೆ ಸುತ್ತು ಹಾಕಿದೆ. ಸುಮಾ ಸಣ್ಣವಳಿದ್ದಾಗ ಎತ್ಕೊಂಡು ಮೆಟ್ಟಿಲಿಳಿಯೋಕೆ ಹೆದರಿ ಅತ್ತೆ ಕೈಗೆ ಕೊಡ್ತಿದ್ದೆ. ನನ್ನ ಮಗು. ನನ್ನ ಕಾಲನ್ನ ನಾನೇ ನಂಬಲಿಲ್ಲ ಮಲ್ಲೇಶ."

ನಾನು ತಪ್ಪಾಯಿತು ಎಂದೆ. ಅದು ಆ ಅಡುಗೆಮನೆಯಲ್ಲಿ ಬಹಳ ಸಣ್ಣ ಮಾತಾಗಿ ಕೇಳಿಸಿತು. ರೊಟ್ಟಿ ಸೀಯುವ ವಾಸನೆ ಬಂತು. ಅಕ್ಕ ಅದನ್ನು ಮಗುಚಿ ಹಾಕಿದಳು.

"ಚಕ್ರ ಹೇಗಿತ್ತು?"

"ಯಾವ ಚಕ್ರ?"

"ಲಾರಿ ಮೇಲಿದ್ದದ್ದು. ಅದಕ್ಕೇ ಅಲ್ವಾ ಓಡಿದ್ದು."

ಈ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ನೋಡ್ಲಿಲ್ಲ ಅಕ್ಕ. ಓಡಿ ಹೋಗೋ ಹೊತ್ತಿಗೆ ಲಾರಿ ತಿರುವು ದಾಟಿತ್ತು. ಹಿಂದೆ ಕಟ್ಟಿದ ಕೆಂಪು ಬಟ್ಟೆ ಕಂಡಿತು ಅಷ್ಟೇ. ಅಷ್ಟರಲ್ಲಿ ನೀನು ಕೂಗಿದೆ."

ಅಕ್ಕ ಮೊದಲ ಸಲ ನನ್ನ ಕಡೆ ತಿರುಗಿದಳು. ಕಾಲಿನ ವಿಷಯಕ್ಕೆ ಬಾರದ ಸಿಟ್ಟು ಈಗ ಬಂದಿತ್ತು.

"ಅದನ್ನೂ ನೋಡ್ಲಿಲ್ವಾ ನೀನು?"

"ಇಲ್ಲ."

"ನನ್ನ ಕಾಲು ಮುರಿದು ಅದನ್ನೂ ನೋಡ್ಲಿಲ್ಲ," ಎಂದು ಅವಳು ಹೆಂಚಿಗೆ ಹೇಳಿದಳು, ಗೋಡೆಗೆ ಹೇಳಿದಳು, ಕಿಟಕಿಯಾಚೆ ನಿಂತಿದ್ದ ಡೋರೀನ್ ಅವರ ನಾಯಿಗೂ ಹೇಳಿದಳು. ಆಮೇಲೆ ಸೀದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದಳು. ನಾನು ತಿಂದೆ. ಇನ್ನೊಂದು ಹಾಕಿದಳು. ಅದೂ ಸೀದಿತ್ತು. ಬೇಕೆಂದೇ ಸೀಯಿಸಿದ್ದು ಎಂದು ನನಗೆ ಗೊತ್ತಿತ್ತು. ಅದನ್ನೂ ತಿಂದೆ.

ಡೋರೀನ್ ಅವರ ತೋಟ

ಹೊರಡುವ ಹಿಂದಿನ ದಿನ ಫ್ರೆಡ್ ಅವರು ಚಪ್ಪಲಿ ತಂದುಕೊಟ್ಟರು. ಅಕ್ಕನ ಬೂಟಿಗೇ ಬಲಗಡೆ ಬೆಂಡಿನ ಅಟ್ಟೆ ಕೂರಿಸಿ, ಅದು ಕಾಣದ ಹಾಗೆ ಚರ್ಮ ಹೊಲಿದಿದ್ದರು. ಪ್ರತಿಯಾಗಿ ಅಕ್ಕ ಹಪ್ಪಳ ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು, ಒಳ್ಳೆಯ ಚರ್ಮ ನೋಡುವ ಹಾಗೆ ನೋಡಿದರು. ಕರಿಯಬೇಕು ಎಂದು ಸುಮಾ ಹೇಳಿದಳು.

ಆ ಮಧ್ಯಾಹ್ನ ಡೋರೀನ್ ನಮ್ಮನ್ನು ತಮ್ಮ ಹಿತ್ತಿಲಿಗೆ ಕರೆದರು. ರಸ್ತೆಯ ಬದಿಯ ಬೇಲಿಗೆ ಒರಗಿದ ಹಾಗೆ ಒಂದು ಸೇಬಿನ ಮರ, ಬೇಗ ಹಣ್ಣಾಗುವ ಜಾತಿ. ಕೆಳಗಿನ ಕೊಂಬೆ ಎಲ್ಲ ಖಾಲಿಯಾಗಿತ್ತು, ಮೇಲೆ ಮಾತ್ರ ಉಳಿದಿತ್ತು. ಮರಕ್ಕೆ ಒಂದು ಮರದ ಏಣಿ ಒರಗಿಸಿದ್ದರು. ನಾನು ಹತ್ತುತ್ತೇನೆ ಎಂದು ಸುಮಾ ಮುಂದೆ ಬಂದಳು.

"ನೀನು ಆಚೆ ಸರಿ," ಎಂದಳು ಅಕ್ಕ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ತೋಳಿಗೆ ಹಾಕಿಕೊಂಡು ಏಣಿಯ ಹತ್ತಿರ ಹೋದಳು. ಮೊದಲ ಮೆಟ್ಟಿಲಿನ ಮೇಲೆ ಬಲಗಾಲು ಇಟ್ಟು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಲ್ಲೇಶ, ಹಿಡ್ಕೋ."

ಹಿಡಿದೆ. ಎರಡೂ ಕೈಯಲ್ಲಿ ಹಿಡಿದೆ, ಕಾಲಿನಿಂದ ಬುಡವನ್ನೂ ಒತ್ತಿಕೊಂಡೆ. ಅಕ್ಕ ಒಂದು, ಎರಡು, ಮೂರು ಮೆಟ್ಟಿಲು ಹತ್ತಿದಳು. ನಾಲ್ಕನೆಯದೂ ಹತ್ತಿದಳು. "ಅಮ್ಮ, ಸಾಕು," ಎಂದಳು ಸುಮಾ. ಅಕ್ಕ ಐದನೆಯದಕ್ಕೆ ಹೋದಳು. ಬುಟ್ಟಿಗೆ ಹಣ್ಣು ಬೀಳುವ ಸದ್ದು ಕೇಳಿಸಿತು.

ಆಗ ನನ್ನ ಬೆನ್ನ ಹಿಂದೆ ರಸ್ತೆಯಲ್ಲಿ ಏನೋ ಬರತೊಡಗಿತು. ಮೊದಲು ನೆಲ ಅದುರಿತು. ಆಮೇಲೆ ಏಣಿ ನನ್ನ ಕೈಯಲ್ಲಿ ಸಣ್ಣಗೆ ನಡುಗಿತು. ಸದ್ದು ಹತ್ತಿರ ಬಂದಷ್ಟೂ ದೊಡ್ಡದಾಯಿತು. ನಾಯಿ ಬೊಗಳುತ್ತ ಬೇಲಿಯ ಕಡೆ ಓಡಿತು. ಸುಮಾ ತಿರುಗಿದಳು, ಡೋರೀನ್ ಅವರೂ ತಿರುಗಿದರು.

"ಎಂಥಾ ಚಕ್ರ ಮಾರಾಯ ಇದು," ಎಂದಳು ಅಕ್ಕ ಮೇಲಿನಿಂದ. "ಬೇಲಿಗಿಂತ ಎತ್ತರ ಇದೆ. ನೋಡು ಇಲ್ಲಿ."

"ಇಲ್ಲ ಅಕ್ಕ."

"ಒಂದು ಸಲ ತಿರುಗಿ ನೋಡು. ನಾನು ಕೊಂಬೆ ಹಿಡ್ಕೊಂಡಿದ್ದೇನೆ."

"ನೀನು ಇಳಿ. ಆಮೇಲೆ ನೋಡ್ತೇನೆ."

ಅವಳು ಇಳಿಯಲಿಲ್ಲ. ಸದ್ದು ನನ್ನ ಬೆನ್ನಿಗೆ ತಾಗುವಷ್ಟು ಹತ್ತಿರ ಬಂತು, ದಾಟಿತು, ದೂರವಾಯಿತು. ನಾನು ಏಣಿಯ ಮರದಲ್ಲಿದ್ದ ಒಂದು ಗಂಟನ್ನೇ ನೋಡುತ್ತಿದ್ದೆ. ಅಕ್ಕ ನಿಧಾನವಾಗಿ ಇನ್ನೂ ನಾಲ್ಕು ಹಣ್ಣು ಕೊಯ್ದಳು. ಒಂದನ್ನು ಸೀರೆಗೆ ಒರೆಸಿ ಅಲ್ಲೇ ಕಚ್ಚಿ ನೋಡಿದಳು. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು ಬಂದು ನೆಲದ ಮೇಲೆ ನಿಂತಳು, ನನಗಿಂತ ಒಂದು ಬೆರಳು ಎತ್ತರಕ್ಕೆ.

ನಾನು ಏಣಿ ಬಿಟ್ಟು ತಿರುಗಿದೆ. ರಸ್ತೆ ಖಾಲಿ ಇತ್ತು. ಟ್ರ್ಯಾಕ್ಟರಿನಿಂದ ಉದುರಿದ ನಾಲ್ಕು ಹುಲ್ಲಿನ ಎಳೆ ಬಿದ್ದಿದ್ದವು.

"ಹೇಗಿತ್ತು ಅಕ್ಕ?"

"ದೊಡ್ಡದಿತ್ತು," ಎಂದಳು ಅಕ್ಕ. ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಮನೆಯ ಕಡೆ ನಡೆದಳು.